ಹೊಲದಲ್ಲಿ ಮಲಗಿದ್ದ ನರಿ

ಎತ್ತ ಹೋದರೂ ದಾರಿ ಸುತ್ತಿ ಮತ್ತೆ ಹುಣಸೆಮರದ ಬುಡಕ್ಕೇ ಬಂದು ಸೇರುವಂಥ ಒಂದು ಕಾಡಿನಲ್ಲಿ ಮುಳ್ಳಯ್ಯ ಎಂಬ ಮುಳ್ಳುಹಂದಿ ಇದ್ದ. ಹಗಲೆಲ್ಲ ಬಿಲದಲ್ಲಿ ನಿದ್ದೆ, ಕತ್ತಲಾದರೆ ಹೊಲದಲ್ಲಿ ದುಡಿಮೆ. ಕಡಲೆಕಾಯಿ ಬೆಳೆದು ಹೆಂಡತಿ ಮಕ್ಕಳನ್ನು ಸಾಕುತ್ತಿದ್ದ. ಆ ವರ್ಷ ಬಿಲಕ್ಕೆ ನೀರು ನುಗ್ಗಿ ಬಿತ್ತನೆಗೆಂದು ಎತ್ತಿಟ್ಟಿದ್ದ ಬೀಜವೆಲ್ಲ ಮುಗ್ಗಿಹೋಯಿತು. ಮಳೆ ಬಿದ್ದು ಹೊಲ ಹದವಾಗಿತ್ತು. ಬಿತ್ತಲು ಕಾಳಿಲ್ಲ.

ಅಷ್ಟರಲ್ಲಿ ಸಿಂಹರಾಜ ಸಬ್ಸಿಡಿ ಸಾರಿದ. ಬೆಳೆಗಾರರಿಗೆಲ್ಲ ಹೊಲಕ್ಕೊಂದು ಬುಟ್ಟಿ ಬಿತ್ತನೆ ಕಡಲೆಕಾಯಿ! ಯಾವ ಹೊಲ ಯಾರದೆಂದು ನೋಡಿಬರಲು ಹದ್ದನ್ನು ಕಳಿಸಿದ.

ಹದ್ದು ಬಂದದ್ದು ಮಟಮಟ ಮಧ್ಯಾಹ್ನ. ಮುಳ್ಳಯ್ಯ ಬಿಲದಲ್ಲಿ ಗೊರಕೆ ಹೊಡೆಯುತ್ತಿದ್ದ. ಅವನ ಹೊಲದ ಬದುವಿನ ನೆರಳಲ್ಲಿ ನರಿ ಕಾಲು ಚಾಚಿ ಮಲಗಿತ್ತು.

"ಈ ಹೊಲ ಯಾರದಯ್ಯಾ?"

ನರಿ ಮೈಗಿಷ್ಟು ಮಣ್ಣು ಮೆತ್ತಿಕೊಂಡು ಎದ್ದಿತು. "ಇನ್ಯಾರದು ಸ್ವಾಮಿ? ಅಗೆದೂ ಅಗೆದೂ ಸೊಂಟ ಬಿದ್ದುಹೋಯಿತು. ಈಗಷ್ಟೇ ಅಡ್ಡಾದೆ."

ಬುಟ್ಟಿ ನರಿಯ ಗುಹೆ ಸೇರಿತು. ಬಿತ್ತುವ ಮಾತೆಲ್ಲಿ? ಸುಲಿದು ಸುಲಿದು ಬಾಯಿಗೆ ಹಾಕಿಕೊಂಡಿತು.

ಸಂಜೆ ಎದ್ದ ಮುಳ್ಳಯ್ಯ ಹದ್ದಿನ ಬಳಿ ಓಡಿದ. "ಸ್ವಾಮಿ, ನನ್ನ ಬುಟ್ಟಿ?"

"ಆ ಹೊಲದ ಬೆಳೆಗಾರ ಒಯ್ದಾಯಿತಲ್ಲ."

"ಬೆಳೆಗಾರ ನಾನೇ ಅಲ್ಲವಾ?"

"ಹೊಲದಲ್ಲಿದ್ದದ್ದು ನರಿ. ಹದ್ದಿನ ಕಣ್ಣು ಕಣಯ್ಯಾ ಇದು, ತಪ್ಪುತ್ತದಾ?"

ಮುಳ್ಳಯ್ಯನಿಗೆ ತಲೆ ಗಿರ್ರೆಂದಿತು. ನರಿಯ ಗುಹೆಗೆ ಹೋದ.

"ನೋಡು ತಮ್ಮಾ," ಅಂದಿತು ನರಿ, ಕಾಳು ಮೆಲ್ಲುತ್ತಾ. "ರಾಜನ ಪ್ರಕಾರ ಬೆಳೆಗಾರ ನಾನು. ಒಂದೇ ಹೊಲಕ್ಕೆ ಇಬ್ಬರು ಬೆಳೆಗಾರರು ಇರುತ್ತಾರಾ?"

"ಇಲ್ಲ..."

"ಅಂದಮೇಲೆ ನೀನಲ್ಲ."

"ಮತ್ತೆ ನಾನು ಯಾರು ನರಿಯಣ್ಣಾ?"

"ಅದನ್ನ ರಾಜನನ್ನೇ ಕೇಳಪ್ಪಾ!" ನರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಬಿಲದ ಬಾಯಲ್ಲೇ ಹೆಂಡತಿ ಕೇಳಿದಳು, "ಬೀಜ ಎಲ್ಲಿ?"

"ನಾನು ನಾನಲ್ಲವಂತೆ ಕಣೇ."

"ನೀವಲ್ಲದಿದ್ದರೆ ನನ್ನ ಬಿಲಕ್ಕೆ ಯಾಕೆ ನುಗ್ಗಿದಿರಿ? ಹೋಗಿ ರಾಜನ ಹತ್ತಿರ ಇತ್ಯರ್ಥ ಮಾಡಿಕೊಂಡು ಬನ್ನಿ. ನೆಲದ ಹಸಿ ಆರಿದರೆ ಬಿತ್ತನೆಯೂ ಇಲ್ಲ, ಮಕ್ಕಳಿಗೆ ಕೂಳೂ ಇಲ್ಲ."

ಬೆಳಿಗ್ಗೆ ಹುಣಸೆಮರದ ಕೆಳಗೆ ಸಿಂಹರಾಜ ಬೇಟೆ ಹಂಚುತ್ತಿದ್ದ. ಒಬ್ಬೊಬ್ಬರದು ಒಂದೊಂದು ಜಾಗ. ನರಿಯ ಜಾಗದಲ್ಲಿ ಮುಳ್ಳಯ್ಯ ನಿದ್ದೆಗಣ್ಣು ಪಿಳಿಪಿಳಿ ಬಿಡುತ್ತಾ ನಿಂತಿದ್ದ.

"ಮಾಂಸ ತಿನ್ನೋದನ್ನ ಯಾವಾಗ ಕಲಿತೆಯೋ ಮುಳ್ಳಯ್ಯಾ?" ಸಿಂಹ ಕೇಳಿದ.

"ಕಲಿತಿಲ್ಲ ಬುದ್ಧೀ, ನೋಡಿದರೇ ಹೊಟ್ಟೆ ತೊಳೆಸುತ್ತದೆ. ಆದರೆ ನನ್ನ ಹೊಲದಲ್ಲಿ ನರಿಯಣ್ಣ ನಾನಾಗಿದ್ದಾನೆ. ಹಾಗಾದರೆ ನಾನು ನರಿಯಣ್ಣನೇ ಇರಬೇಕು. ಅದಕ್ಕೇ ಇಲ್ಲಿ ಬಂದು ನಿಂತೆ."

ಸಿಂಹ ಮೀಸೆಯಲ್ಲೇ ನಕ್ಕ. ಕೊಬ್ಬಿದ ತೊಡೆಯ ತುಂಡೊಂದನ್ನು ಎತ್ತಿದ. "ಸರಿ, ತಗೋ ನರಿಯ ಪಾಲು."

ಆಗಷ್ಟೇ ಓಡಿಬಂದ ನರಿಗೆ ತಡೆಯಲಾಗಲಿಲ್ಲ. ಜೊಲ್ಲು ಸುರಿಸುತ್ತಾ ಕಿರುಚಿತು: "ಅವನು ನರಿಯಲ್ಲ ಮಹಾಪ್ರಭೂ! ಆ ಕಡಲೆಕಾಯಿ ಹೊಲ ಅಗೆಯೋ ಮುಳ್ಳುಹಂದಿ! ಕಾಡಿಗೆಲ್ಲ ಗೊತ್ತು!"

ಹದ್ದು ಕತ್ತು ಆಚೆ ತಿರುಗಿಸಿತು. ನರಿ ನಾಲಿಗೆ ಕಚ್ಚಿಕೊಂಡಿತು, ಆದರೆ ಮಾತು ಹೊರಬಿದ್ದಾಗಿತ್ತು.

"ಹದ್ದೇ, ಇನ್ನು ಮೇಲೆ ನೋಡಿದ್ದು ಸಾಲದು, ನಾಲ್ಕು ಜನರನ್ನು ಕೇಳಿಕೊಂಡೂ ಬಾ," ಅಂದ ಸಿಂಹ. "ನರಿಯೇ, ಹೊಲದ ಸಬ್ಸಿಡಿ ತಿಂದವನು ಹೊಲವನ್ನೇ ಕಾಯು. ಕಡಲೆಕಾಯಿ ಕೀಳುವ ತನಕ ನಿನಗೆ ಬೇಟೆಯ ಪಾಲಿಲ್ಲ."

ಮುಳ್ಳಯ್ಯನಿಗೆ ಹೊಸ ಬುಟ್ಟಿ ಸಿಕ್ಕಿತು. ಹೊತ್ತುಕೊಂಡು ಸ್ವಲ್ಪ ದೂರ ಹೋದವನು ತಿರುಗಿ ಬಂದ.

"ಬುದ್ಧೀ, ಒಂದು ಮಾತು. ಈಗ ನಾನು ನಾನೇ ತಾನೆ?"

"ನೀನೇ ಕಣೋ ಮಾರಾಯ. ಹೋಗು, ಹಸಿ ಆರೋದರೊಳಗೆ ಬಿತ್ತು!"

ನೀತಿ: ದುಡಿದವನ ಪಾಲನ್ನು ಸುಳ್ಳು ಹೇಳಿ ಕಸಿದವನು ತನ್ನ ಬಾಯಿಂದಲೇ ಸಿಕ್ಕಿಬಿದ್ದು, ತನಗೆ ಬರಬೇಕಾದ ಪಾಲನ್ನೂ ಕಳೆದುಕೊಳ್ಳುತ್ತಾನೆ.