ಪ್ಲೇಟಿನ ಮೇಲೆ ಸಾಹುಕಾರರ ವಿಳಾಸ

ಸಾಹುಕಾರ ಚನ್ನವೀರಪ್ಪನ ಕಾರ್ಖಾನೆಯಲ್ಲಿ ಸೈನಿಕರ ಎದೆಗವಚಕ್ಕೆ ಗುಂಡು ತಡೆಯುವ ಉಕ್ಕಿನ ಪ್ಲೇಟು ತಯಾರಾಗುತ್ತಿತ್ತು. ಹಿಂದೆ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುತ್ತಿದ್ದ ಸಾಕಮ್ಮ ಈಗ ಇಲ್ಲಿ ಪ್ಲೇಟಿಗೆ ನಂಬರು ಕೊರೆಯುತ್ತಿದ್ದಳು.

"ಗುಂಡು ಹೊಡೆದು ನೋಡೋದೆಲ್ಲ ಬೇಡ. ಪರೀಕ್ಷೆಯಾಗಿದೆ ಅಂತ ಕೊರೆದು ಇವತ್ತೇ ಕಳಿಸು!" ಸಾಹುಕಾರ ಗುಡುಗಿದ.

ಸಾಕಮ್ಮ ಎದುರಾಡುವ ಹೆಂಗಸಲ್ಲ. "ಆಗಲಿ ಸಾಹುಕಾರ್ರೇ. ಮದುವೆ ಪಾತ್ರೆ ಮೇಲೆ ಕೊಟ್ಟವರ ಹೆಸರಿರುತ್ತಲ್ಲ, ಹಾಗೇ ನಿಮ್ಮ ಹೆಸರೂ ಹಾಕಲಾ?"

ಸಾಹುಕಾರ ಉಬ್ಬಿಹೋದ. "ದೊಡ್ಡದಾಗಿ ಹಾಕು!"

ಮೊದಲ ಪ್ಲೇಟು ಬಂತು. ಹೆಸರಿನ ಕೆಳಗೆ ಮನೆ ವಿಳಾಸವೂ ಇತ್ತು.

"ಇದ್ಯಾಕೆ?"

"ಗುಂಡು ಒಳಗೆ ತೂರಿದರೆ, ಪಾಪ, ಉಳಿದ ಸೈನಿಕರು ನಿಮ್ಮನೆ ಹುಡುಕಿಕೊಂಡು ಅಲೆಯಬಾರದಲ್ಲ!"

ಸಾಹುಕಾರನ ಮುಖ ಬಿಳಿಚಿಕೊಂಡಿತು. ಮಧ್ಯಾಹ್ನವೇ ಕೆಲಸಗಾರರೆಲ್ಲರ ಕಣ್ಣೆದುರು ಪರೀಕ್ಷೆ ಶುರುವಾಯಿತು. ರಾಶಿಗೊಂದು ಪ್ಲೇಟು ತೆಗೆದು ಗುಂಡು ಹೊಡೆದರು; ಪ್ಲೇಟು ತೂತಾದ ರಾಶಿಯೆಲ್ಲ ಗುಜರಿಗೆ ಹೋಯಿತು. ಕೊನೆಗೊಂದು ರಾಶಿಯ ಪ್ಲೇಟು ಗುಂಡನ್ನು ತಡೆದೇಬಿಟ್ಟಿತು. ಸಾಹುಕಾರ ಕುಣಿದಾಡಿ ಕೂಗಿದ:

"ಸಾಕಮ್ಮಾ, ಈ ರಾಶಿಗೆ ಹಾಕು ವಿಳಾಸ!"