ಮೋಡದಾಚೆ ಹೊರಟ ಗೀಜಗನ ಗೂಡು

ಮಕ್ಕಳೇ, ಗೀಜಗನ ಗೂಡನ್ನು ನೀವು ನೋಡಿರಬೇಕು. ನೀರಿನ ಮೇಲೆ ಬಾಗಿದ ಜಾಲಿಯ ಕೊಂಬೆಯಲ್ಲಿ ಸೋರೆಬುರುಡೆಯಂತೆ ತೂಗಾಡುತ್ತದೆ, ಬಾಗಿಲು ಮಾತ್ರ ಕೆಳಮುಖ. ಹಾವು ನುಗ್ಗದಿರಲಿ ಎಂದು ಆ ಜಾಣತನ. ಆಲದಕೆರೆಯಲ್ಲಿ ಇಂಥ ಗೂಡು ಹೆಣೆಯುವ ನಾರಪ್ಪನೆಂಬ ಗೀಜಗನಿದ್ದ. ಕಸುಬಿನಲ್ಲಿ ಅವನನ್ನು ಮೀರಿಸುವವರಿಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ.

ಅದೇ ಕೆರೆಯ ದಂಡೆಯಲ್ಲಿ, ನಾರಪ್ಪನನ್ನು 'ಮಾವ' ಎಂದು ಕರೆಯುವ ಗೆರೆಯಮ್ಮನೆಂಬ ಅಳಿಲಿತ್ತು. ಮೋಡದಾಚೆ ಏನಿದೆ ಎಂದು ಕಣ್ಣಾರೆ ನೋಡಬೇಕೆಂಬುದೇ ಅದರ ಜೀವದ ಆಸೆ.

ಚಳಿಗಾಲಕ್ಕೆ ಹಿಮದ ನಾಡಿನಿಂದ ಹೆಬ್ಬಾತುಗಳು ಬಂದಿಳಿದವು. ಗೆರೆಯಮ್ಮ ಅವುಗಳ ಹಿರಿಯಳಾದ ಹಿಮಕ್ಕನ ಬಳಿಗೆ ಓಡಿತು.

"ಹಿಮಕ್ಕ, ನೀವು ಮೋಡ ದಾಟಿ ಬಂದವರು. ಅಲ್ಲೇನಿದೆ?"

ಹಿಮಕ್ಕ ನಕ್ಕಳು. "ನಿಜ ಹೇಳಲೇ? ಸಾಲಿನಲ್ಲಿ ಹಾರುವಾಗ ಮುಂದಿನವರ ಬಾಲ ಬಿಟ್ಟು ನಾವು ಬೇರೇನೂ ನೋಡಿಲ್ಲ. ನೀನು ಕೂರಲು ಒಂದು ಗೂಡಿದ್ದರೆ ಇಬ್ಬರು ಹೊತ್ತು ಮೇಲೇರುತ್ತೇವೆ. ನಿಶ್ಚಿಂತೆಯಿಂದ ನೋಡಿ ನಮಗೂ ಹೇಳು."

ಗೂಡು ಎಂದ ಮೇಲೆ ನಾರಪ್ಪನೇ ಆಗಬೇಕು. ಅವನು ಎದೆಯುಬ್ಬಿಸಿ ಒಪ್ಪಿಕೊಂಡ. ಕೆಲಸ ಅರ್ಧವಾದಾಗ ಹಿಮಕ್ಕ ಬಂದಳು.

"ನಾರಪ್ಪ, ಒಮ್ಮೆ ಒಳಗೆ ನೋಡಲೇ? ಮೇಲಿನ ಗಾಳಿಯ ಗುಣ ನಮಗೆ ಗೊತ್ತು."

ನಾರಪ್ಪನಿಗೆ ಮೈಯೆಲ್ಲ ಉರಿಯಿತು. "ನಮ್ಮ ಕುಲದಲ್ಲಿ ಗೂಡು ನೋಡಿ ಸರಿ ತಪ್ಪು ಹೇಳುವವಳು ಹೆಂಡತಿ ಒಬ್ಬಳೇ. ಹೊರಗಿನವರಿಗೆ ಏನು ತಿಳಿಯುತ್ತದೆ? ಮುಗಿಯುವವರೆಗೆ ಯಾರೂ ಇಣುಕಬಾರದು!"

ಹಿಮಕ್ಕ ಈಜುತ್ತಾ ತನ್ನ ಗುಂಪಿನತ್ತ ಹೋದಳು.

ನಾರಪ್ಪ ಅಪ್ಪ ಅಜ್ಜ ಹೆಣೆದಂತೆಯೇ ಹೆಣೆದ. ಗಾಳಿಗೆ ತೂಗದಿರಲೆಂದು ಒಳಗೋಡೆಗೆ ಹಸಿಮಣ್ಣು ಮೆತ್ತಿದ. ಬಾಗಿಲನ್ನು ಕೆಳಗೇ ಇಟ್ಟ. ಎಷ್ಟು ಚಂದದ ಗೂಡು! ಕೆರೆಯವರೆಲ್ಲ ಬಾಯಿ ಬಿಟ್ಟು ನೋಡಿದರು.

ಹೊರಡುವ ಬೆಳಿಗ್ಗೆ ಗೆರೆಯಮ್ಮ ಒಳಗೆ ಕೂತಿತು. ಎರಡು ಹೆಬ್ಬಾತುಗಳು ನಾರಿನ ಹಗ್ಗ ಕಚ್ಚಿ ಮೇಲೆದ್ದವು. ತಾಳೆಮರದ ಎತ್ತರ ಏರಿರಲಿಲ್ಲ, ಗಾಳಿ ಗೂಡನ್ನು ಜಗ್ಗಿತು. ಗೆರೆಯಮ್ಮ ಜಾರಿ ಸೀದಾ ಕೆಳಬಾಗಿಲಿನಿಂದ ಹೊರಗೆ!

"ಮಾವಾ!" ಎಂಬ ಅದರ ಕೂಗು ಕೇಳಿದ್ದೇ ನಾರಪ್ಪ ಕೊಂಬೆ ಬಿಟ್ಟು ಅತ್ತ ಹಾರಿದ.

ಅಳಿಲು ಕೆರೆಗೆ ಬಿತ್ತು, ಮುಳುಗಿತು. ಪುಣ್ಯಕ್ಕೆ ಕೆರೆಯ ಹಿರಿಯನಾದ ಆಮೆಯಜ್ಜ ಅಲ್ಲೇ ಇದ್ದ. ಅದನ್ನು ಬೆನ್ನಿಗೇರಿಸಿಕೊಂಡು ದಡಕ್ಕೆ ತಂದ.

ನಾರಪ್ಪನಿಗೆ ಅಳು ಬಂತು. ನಾಚಿಕೆಯೂ ಆಯಿತು. ನಡುಗುತ್ತಿದ್ದ ಗೆರೆಯಮ್ಮ ಒದ್ದೆ ಬಾಲ ಹಿಂಡಿಕೊಳ್ಳುತ್ತಾ, "ಮಾವ, ಚಳಿಗಾಲ ಮುಗಿಯಿತು, ಹೆಬ್ಬಾತುಗಳು ನಾಡಿದ್ದು ಊರಿಗೆ ಹೊರಡುತ್ತವೆ. ಇನ್ನು ನನ್ನ ಆಸೆ ಮುಗಿಯಿತೇ?" ಎಂದಿತು.

ನಾರಪ್ಪ ಅಲ್ಲಿ ನಿಲ್ಲಲಿಲ್ಲ. ನೇರ ಹಿಮಕ್ಕನೆದುರು ಹೋಗಿ ತಲೆ ತಗ್ಗಿಸಿದ. "ಅಕ್ಕ, ನನ್ನ ಗರ್ವ ಒಂದು ಜೀವ ತೆಗೆಯುತ್ತಿತ್ತು. ಬಾ, ಗೂಡಿನ ಒಳಗೆಲ್ಲ ನೋಡು. ಎಲ್ಲಿ ತಪ್ಪಿದ್ದೇನೆ ಹೇಳು."

ಹಿಮಕ್ಕ ಗೂಡಿನೊಳಗೆ ಕತ್ತು ತೂರಿಸಿದಳು. "ಬಾಗಿಲು ಪಕ್ಕಕ್ಕಿರಲಿ. ಈ ಹಸಿಮಣ್ಣು ಬೇಡ, ಮೇಲಿನ ಚಳಿಗೆ ಹೆಪ್ಪುಗಟ್ಟಿ ಬಿರಿಯುತ್ತದೆ. ಗೂಡು ಅಲುಗದಂತೆ ನಾಲ್ವರು ನಾಲ್ಕು ಕಡೆ ಹಿಡಿಯುತ್ತೇವೆ. ಆದರೆ ಒಂದು ಮಾತು ನಾರಪ್ಪ, ಇಂಥ ಹೆಣಿಗೆ ನಮ್ಮ ನಾಡಿನಲ್ಲಿ ಯಾರಿಗೂ ಬಾರದು."

ನಾರಪ್ಪ ಅಂದೇ ಗೂಡು ಬಿಚ್ಚಿ ಹೆಣೆಯತೊಡಗಿದ. ಆಮೆಯಜ್ಜ ಜೊಂಡು ತಂದುಕೊಟ್ಟ. ಹೆಬ್ಬಾತುಗಳು ತಮ್ಮ ಮೆತ್ತನೆಯ ಪುಕ್ಕ ಕಿತ್ತು ಒಳಗೆ ಹಾಸಿದವು.

ಮರುದಿನ ಗೂಡು ಮೇಲೇರಿತು. ತಾಳೆ ದಾಟಿತು, ಬೆಟ್ಟ ದಾಟಿತು, ಮೋಡದೊಳಗೆ ಮರೆಯಾಯಿತು. ನಾರಪ್ಪ ಅನ್ನ ನೀರು ಮರೆತು ಕತ್ತೆತ್ತಿ ಕೂತ. ಮಧ್ಯಾಹ್ನ ಗೂಡು ಮೆಲ್ಲಗೆ ಇಳಿಯಿತು. ಪಕ್ಕದ ಬಾಗಿಲಿನಿಂದ ಗೆರೆಯಮ್ಮ ಚಂಗನೆ ಹಾರಿತು.

"ಮಾವ! ಅಲ್ಲಿ ಆಕಾಶ ಕಡುನೀಲಿ. ಹಾಡುಹಗಲಲ್ಲೇ ಒಂದು ನಕ್ಷತ್ರ ಕಂಡೆ! ಆದರೆ ಅದು ಇನ್ನೂ ಬಹಳ ದೂರವಿದೆ. ಹಿಮಕ್ಕನಿಗೂ ಅಷ್ಟು ಎತ್ತರ ಏರಲು ಆಗುವುದಿಲ್ಲವಂತೆ."

ಎಲ್ಲರೂ ನಾರಪ್ಪನ ಮುಖ ನೋಡಿದರು. ಅವನು ಹೊಸ ನಾರೊಂದನ್ನು ಕೊಕ್ಕಿಗೆ ಎತ್ತಿಕೊಂಡವನು, ಮತ್ತೆ ಕೆಳಗಿಟ್ಟ.

"ಹೆಣೆಯುವುದು ಆಮೇಲೆ," ಎಂದ. "ಮೊದಲು ಹೇಳಿ, ಅಲ್ಲಿಗೆ ಹೋಗಲು ಇನ್ನೂ ಯಾರ್‍ಯಾರನ್ನು ಕೇಳಬೇಕು?"

ನೀತಿ: ತನ್ನ ವಿದ್ಯೆ ಎಷ್ಟೇ ದೊಡ್ಡದಿರಲಿ, ಬಲ್ಲವರನ್ನು ಕೇಳಿ ಕೂಡಿ ದುಡಿದವನೇ ದೂರ ಮುಟ್ಟುತ್ತಾನೆ.