ಉದ್ದ ಮೂಗಿನ ಮರಿ

ಚಪ್ಪಟೆ ಮೂತಿಯ ಪಗ್ ನಾಯಿಯೊಂದು ತನ್ನ ಮರಿಯನ್ನು ಕಚ್ಚಿಕೊಂಡು ಗೇಟಿನತ್ತ ಓಡುತ್ತಿತ್ತು. ಬಾಯಿ ಮುಚ್ಚಿದರೆ ಅದಕ್ಕೆ ಉಸಿರು ಕಟ್ಟುತ್ತಿತ್ತು. ಆಗಾಗ ಮರಿಯನ್ನು ಕೆಳಗಿಟ್ಟು ಏದುಸಿರು ಬಿಡುತ್ತಿತ್ತು.

"ಬೇಗ ಬಾರಕ್ಕ, ನಿನ್ನ ಯಜಮಾನ ಬಾಗಿಲು ತೆಗೆಯುತ್ತಿದ್ದಾನೆ!" ಎಂದು ಗೇಟಿನಾಚೆ ನಿಂತಿದ್ದ ಬಾಣಂತಿ ಬೀದಿನಾಯಿ ಅವಸರಪಡಿಸಿತು.

ಪಗ್ ಮರಿಯನ್ನು ಗೇಟಿನಡಿಗೆ ನೂಕಿತು. "ನಿನ್ನ ಮರಿಗಳ ಜೊತೆ ಇವನಿಗೂ ಹಾಲು ಕೊಡು ತಂಗಿ. ಮೂಗು ಉದ್ದ ಬಂದಿದೆ, ತಳಿ ಕೆಟ್ಟಿದೆ ಅಂತ ಯಜಮಾನ ಇವನನ್ನು ಇವತ್ತೇ ಕೊಲ್ಲಿಸುತ್ತಾನೆ."

"ಉಳಿದ ಮರಿಗಳನ್ನೂ ತಂದುಬಿಡು, ಹೇಗಾದರೂ ಸಾಕುತ್ತೇನೆ."

"ಅವಕ್ಕೆ ಭಯವಿಲ್ಲ," ಎಂದು ಪಗ್ ಬಾಯಿ ತೆರೆದು ಗಾಳಿ ಎಳೆದುಕೊಂಡಿತು. "ಅವಕ್ಕೂ ನನ್ನ ಹಾಗೇ ಸರಿಯಾಗಿ ಉಸಿರಾಡಲು ಬರುವುದಿಲ್ಲ. ಅದಕ್ಕೇ ಯಜಮಾನನಿಗೆ ಅವೆಂದರೆ ಪ್ರಾಣ."